ಉಪ್ಪುನೀರಿನ ಆರು ಇಲಿಗಳು

ಶೇಂಗಾ ಮಿಲ್ಲಿನ ಬೆಲ್ಟಿಗೆ ಸಿಕ್ಕ ದುರುಗಣ್ಣನ ಎಡಗೈ ಮೂರು ತಿಂಗಳಲ್ಲಿ ಮಾಯ್ದಿತ್ತು. ಉರಿ ಮಾತ್ರ ಐದು ವರ್ಷವಾದರೂ ಆರಿರಲಿಲ್ಲ. ಅಂಗಿಯ ತೋಳು ತಾಕಿದರೂ ಕೆಂಡ ಇಟ್ಟಂತಾಗುತ್ತಿತ್ತು. ಎಕ್ಸರೇ ನೋಡಿದ ಡಾಕ್ಟರು ಎಲುಬು ಚೆನ್ನಾಗಿ ಕೂಡಿದೆ, ಏನೂ ಆಗಿಲ್ಲ ಎಂದಿದ್ದರು. ಮಿಲ್ಲಿನವರು ಕೆಲಸಗಳ್ಳ ಎಂದರು. ಹೆಂಡತಿ ಗೀತಮ್ಮನೂ ಒಮ್ಮೊಮ್ಮೆ ಆ ಕೈಯನ್ನು ಅನುಮಾನದಿಂದ ನೋಡುವುದು ಅವನಿಗೆ ತಿಳಿಯುತ್ತಿತ್ತು.

2006ರಲ್ಲಿ ಕೊಟ್ಟೂರಿನಾಚೆಯ ಫಾರ್ಮಸಿ ಕಾಲೇಜಿನಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕಾಳು ಹಾಕುವುದು, ನೀರಿನ ಬಾಟಲಿ ತುಂಬುವುದು, ಪಂಜರದ ಹೊಟ್ಟು ಬದಲಿಸುವುದು. ಬಲಗೈಯೊಂದೇ ಸಾಕಿತ್ತು.

ಆ ವರ್ಷ ಹರಪನಹಳ್ಳಿಯ ಅಮೃತಾ ಎಂಬ ವಿದ್ಯಾರ್ಥಿನಿ ನೋವಿನ ಔಷಧವೊಂದರ ಮೇಲೆ ತನ್ನ ಪ್ರಯೋಗ ಶುರು ಮಾಡಿದಳು. ಹನ್ನೆರಡು ಬಿಳಿ ಇಲಿಗಳಿಗೆ ಮಂಪರು ಕೊಟ್ಟು ಹಿಂಗಾಲಿನ ನರಕ್ಕೆ ದಾರ ಕಟ್ಟಿದಳು, ಮಿದುಳಿನ ಚಟುವಟಿಕೆ ಅಳೆಯಲು ತಲೆಬುರುಡೆಗೆ ಸಣ್ಣ ತಂತಿ ಕೂರಿಸಿದಳು. ಎರಡು ವಾರದಲ್ಲಿ ಹೊಲಿಗೆ ಮಾಯ್ದರೂ ಇಲಿಗಳು ಆ ಕಾಲನ್ನು ಊರದೆ ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದವು. ದುರುಗಣ್ಣ ಪಂಜರದ ಮುಂದೆ ಕುಕ್ಕರಿಸಿ ನೋಡಿದ. ಬಸ್ಸಿನ ನೂಕುನುಗ್ಗಲಿನಲ್ಲಿ ತಾನು ಕೈ ಹಿಡಿದುಕೊಳ್ಳುವುದು ಹೀಗೆಯೇ.

“ಮೇಡಂ, ಗಾಯ ಮಾದೈತಲ್ರಿ. ಮತ್ತ್ಯಾಕ ಹಿಂಗ ಮಾಡ್ತಾವು?”

ಅಮೃತಾ ಅವನನ್ನು ಕಂಪ್ಯೂಟರಿನ ಮುಂದೆ ಕರೆದಳು. “ನೋಡ್ರಿ ದುರುಗಣ್ಣ, ಇದು ಅದರ ಮಿದುಳಿನ ಗೆರಿ. ಈಗ ಯಾರೂ ಕಾಲು ಮುಟ್ಟಿಲ್ಲ. ಆದ್ರೂ ಹೆಂಗ ಕುಣೀತೈತಿ ನೋಡ್ರಿ. ನರ ಕೆಟ್ಟಮ್ಯಾಲೆ ಮಿದುಳೂ ನೋವನ್ನ ಕಲ್ತುಬಿಡತೈತಿ.”

“ಅಂದ್ರ ನಾಟಕ ಅಲ್ಲ?”

“ಇಲಿಗೆ ಎಲ್ಲಿ ನಾಟಕ ಬರ್ತೈತ್ರಿ?”

ದುರುಗಣ್ಣ ಎಡಗೈಯನ್ನು ಅವಳ ಮುಂದೆ ಚಾಚಿದ. ಐದು ವರ್ಷದ್ದನ್ನೆಲ್ಲ ಹೇಳಿದ. ಮರುದಿನ ಅವಳು ದಾವಣಗೆರೆಯ ನರರೋಗದ ಡಾಕ್ಟರಿಗೆ ಚೀಟಿ ಬರೆದುಕೊಟ್ಟಳು. ಅವರು ಕೊಟ್ಟ ಕ್ಯಾಪ್ಸೂಲು ನುಂಗಿದ ಹತ್ತು ದಿನಕ್ಕೆ ಉರಿ ಅರ್ಧ ಇಳಿಯಿತು. ಅಂಗಿಯ ಗುಂಡಿ ಹಾಕುವಾಗ ಗೀತಮ್ಮನ ಬೆರಳು ತಾಕಿದರೂ ಅವನು ಚೀರಲಿಲ್ಲ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

ಅದೇ ವಾರ ಅಮೃತಾ ಆರು ಇಲಿಗಳಿಗೆ ಔಷಧ ಚುಚ್ಚತೊಡಗಿದಳು. ಉಳಿದ ಆರಕ್ಕೆ ಬರೀ ಉಪ್ಪುನೀರು.

“ಇವಕ್ಕ್ಯಾಕ ಇಲ್ಲರಿ?”

“ಕೊಡದಿದ್ರ ಏನಾಗ್ತೈತಿ ಅಂತಾನೂ ಗೊತ್ತಾಗಬೇಕಲ್ರಿ.”

ಕೊಡದಿದ್ದರೆ ಏನಾಗುತ್ತದೆ ಎಂಬುದು ದುರುಗಣ್ಣನಿಗೆ ಗೊತ್ತಿತ್ತು. ಎರಡು ದಿನ ತಡೆದುಕೊಂಡ. ಮೂರನೆಯ ದಿನ ತನ್ನ ಪಾಲಿನ ಕ್ಯಾಪ್ಸೂಲು ಬಿಚ್ಚಿ, ಪುಡಿಯನ್ನು ಆ ಆರರ ನೀರಿನ ಬಾಟಲಿಗಳಿಗೆ ಹಂಚಿದ. ಆಮೇಲೆ ದಿನವೂ ಹಂಚಿದ. ಅವನ ಕೈ ಮತ್ತೆ ಉರಿಯತೊಡಗಿತು. ಇಲಿಗಳು ಮೆಲ್ಲಗೆ ಕಾಲು ಊರಿದವು.

ಎರಡು ವಾರದ ನಂತರ ಎರಡೂ ಗುಂಪಿನ ಗೆರೆ ಹೆಚ್ಚುಕಡಿಮೆ ಒಂದೇ ಬಂತು. ಅಮೃತಾ ತಂತಿ ಪರೀಕ್ಷಿಸಿದಳು, ಯಂತ್ರ ಪರೀಕ್ಷಿಸಿದಳು, ಕಡೆಗೆ ತಲೆ ಹಿಡಿದು ಕೂತಳು. ಅವಳ ಮಾರ್ಗದರ್ಶಕರಾದ ಗುರುಬಸವರಾಜ ಸರ್ ಬಂದು ನೋಡಿದರು.

“ಎಲ್ಲೋ ತಪ್ಪೈತಮ್ಮ. ಇವನ್ನ ಮುಗಿಸಿ ಹೊಸಾ ಹನ್ನೆರಡು ತರಿಸು. ಮೊದ್ಲಿಂದ ನರ ಕಟ್ಟು.”

ದುರುಗಣ್ಣ ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗಿಟ್ಟು ಮುಂದೆ ಬಂದ.

“ಸರ, ಹೊಸಾವು ಬ್ಯಾಡ್ರಿ. ನನ್ನ ಗುಳಗಿ ನೀರಾಗ ಹಾಕಿದ್ನಿ. ಹಂಗಂತ ಬರಕೊಳ್ರಿ.”

ಸರ್ ಪಂಜರಗಳತ್ತ ಕೈ ತೋರಿಸಿದರು. “ಯಾವುದು ಎಷ್ಟು ಕುಡೀತು ಅಂತ ಬರಕೊಳ್ಳಲಿ? ಹನ್ನೆರಡು ಜೀವ ದಂಡಾದ್ವಲ್ಲೋ.”

ಅವನನ್ನು ಕೆಲಸದಿಂದ ತೆಗೆಯಬೇಡಿ ಎಂದು ಅಮೃತಾಳೇ ಬೇಡಿಕೊಂಡಳು. ಆದರೆ ಹೊರಗೆ ಬಂದವಳೇ ಸಿಟ್ಟಿನಿಂದ ಕೇಳಿದಳು: “ನನಗ ಒಂದು ಮಾತು ಹೇಳಬಾರದಾಗಿತ್ತೇನ್ರಿ?”

“ಹೇಳಿದ್ರ ಔಷಧ ಕೊಡ್ತಿದ್ರೇನಮ್ಮ?”

“ಇಲ್ಲ,” ಎಂದಳು ಅಮೃತಾ. ಅವಳ ಕಣ್ಣಲ್ಲಿ ನೀರಿತ್ತು.

ಹೊಸ ಹನ್ನೆರಡು ಬಂದವು. ನರ ಕಟ್ಟುವ ದಿನ ಬರುವುದು ಬೇಡ ಎಂದು ಅವಳು ಹೇಳಿದರೂ ದುರುಗಣ್ಣ ಬಂದ. ಬೇರೆ ಯಾರಾದರೂ ಒರಟಾಗಿ ಹಿಡಿದಾರು ಎಂಬ ಅಂಜಿಕೆ. ಒಂದೊಂದನ್ನೂ ಟವೆಲಿನಲ್ಲಿ ಸುತ್ತಿ, ಮಂಪರು ಹತ್ತುವ ತನಕ ಎದೆಗೆ ಹಿಡಿದುಕೊಂಡ. ಗಡಸು ಹೊಟ್ಟಿನ ಬದಲು ಮೆತ್ತನೆಯ ಕಾಗದದ ಚೂರು ಹಾಸಲೇ ಎಂದು ಈ ಸಲ ಕೇಳಿದ. ಹನ್ನೆರಡಕ್ಕೂ ಹಾಸುವುದಾದರೆ ಸರಿ ಎಂದಳು. ಉಪ್ಪುನೀರಿನ ಆರು ಇಲಿಗಳು ಕಾಲು ಮಡಚಿಕೊಂಡೇ ದಿನ ಕಳೆದವು. ಅವನು ದಿನವೂ ಬಾಟಲಿಗೆ ಬರೀ ನೀರು ತುಂಬಿದ.

ಪ್ರಯೋಗ ಮುಗಿದ ವಾರ ದುರುಗಣ್ಣ ಪ್ರಿನ್ಸಿಪಾಲರನ್ನು ಕೇಳಿ ತೋಟದ ಕೆಲಸಕ್ಕೆ ಹೋದ. ಅಮೃತಾ ಪಾಸಾದ ದಿನ ಪೇಡೆ ಹಿಡಿದು ಅಲ್ಲಿಗೇ ಬಂದಳು.

“ಗೆರಿ ಬಂತೇನ್ರಿ?”

“ಬಂತು ದುರುಗಣ್ಣ. ಔಷಧ ಕೊಟ್ಟವು ಸುಧಾರಿಸಿದ್ವು.”

“ಮತ್ತ ಅವು ಆರು?”

“ಕಡೀತನಕ ಕಾಲು ಊರಲಿಲ್ಲ,” ಎಂದು ಅಮೃತಾ ಪೇಡೆಯ ಪೊಟ್ಟಣ ಚಾಚಿದಳು. ಅವನು ಪೇಡೆ ತೆಗೆದುಕೊಂಡ, ಬಾಯಿಗಿಡಲಿಲ್ಲ. ಗೀತಮ್ಮನಿಗಾಯಿತು ಎಂದು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು, ಗಿಡಗಳಿಗೆ ನೀರು ಬಿಡಲು ಹೋದ.