ತೆರೆಯದ ಪೋರ್ಟ್

ರಕ್ತಪರೀಕ್ಷೆಯ ವರದಿಗಳನ್ನು ತೋರಿಸುವ ಆ ಜಾವಾ ಅಪ್ಲಿಕೇಶನ್ನಿನ ಹೊಟ್ಟೆಯೊಳಗೇ ಒಂದು ಪುಟ್ಟ ವೆಬ್ ಸರ್ವರ್ ಕೂತಿತ್ತು. ಅದನ್ನು ಹೊಂದಿಸುವ ಕೆಲಸ ಅವಳದು, ಕಂಪನಿ ಅವಳ ಚಿಕ್ಕಪ್ಪನದು. ಅಂದು ಅದನ್ನು ಕೊಳ್ಳುವ ಮುನ್ನ ನೋಡಲು ಬಂದಿದ್ದ ಗಿರಾಕಿಗಳು, ವರದಿಯನ್ನು ತಮ್ಮ ಮೊಬೈಲುಗಳಲ್ಲೇ ತೋರಿಸಬೇಕೆಂದು ಹಟ ಹಿಡಿದರು.

"ಪಾಸ್‌ವರ್ಡ್ ತೆಗೆದು, ಹೊರಗಿನ ಮೊಬೈಲುಗಳು ಸರ್ವರ್ ಒಳಗೆ ಬರೋ ಹಾಗೆ ಪೋರ್ಟ್ ತೆರೆದುಬಿಡಮ್ಮ, ಆಮೇಲೆ ಮುಚ್ಚಿದರಾಯ್ತು," ಎಂದು ಚಿಕ್ಕಪ್ಪ ಪಿಸುಗುಟ್ಟಿದರು.

"ಹೋದ ಸಲನೂ ಹಾಗೇ ಅಂದ್ರಿ. ನಾನು ನೋಡಿ ಮುಚ್ಚೋವರೆಗೂ ಅದು ಊರಿಗೆಲ್ಲ ತೆರೆದ ಬಾಗಿಲಾಗಿತ್ತು. ಇವು ನಿಜವಾದ ರೋಗಿಗಳ ವರದಿ ಚಿಕ್ಕಪ್ಪ, ನಾನು ತೆರೆಯಲ್ಲ."

"ಎತ್ತಿ ಆಡಿಸಿದವನಿಗೇ ಎದುರು ಮಾತಾ?"

"ಎತ್ತಿ ಆಡಿಸಿದ್ರಿ ಅಂತಾನೇ ಇಲ್ಲಿ ನಿಂತು ಹೇಳ್ತಿದೀನಿ. ಬೇರೆಯವರಾಗಿದ್ರೆ ಕೆಲಸ ಬಿಟ್ಟು ಹೋಗ್ತಿದ್ದೆ."

ಅವಳು ಕೀಲಿಮಣೆ ಬಿಟ್ಟುಕೊಡಲಿಲ್ಲ. ಸರ್ವರ್ ತನ್ನ ಮುಂದಿದ್ದ ಆ ಒಂದು ಕಂಪ್ಯೂಟರಿಗೆ ಮಾತ್ರ ಉತ್ತರ ಕೊಡುವಂತೆ ಸೆಟ್ಟಿಂಗಿನ ಸಾಲು ಬದಲಿಸಿ, ಅಪ್ಲಿಕೇಶನ್ನನ್ನು ಮತ್ತೆ ಶುರುಮಾಡಿ, "ಮಾದರಿ ವರದಿ ಇಲ್ಲಿದೆ, ಬನ್ನಿ ನೋಡಿ," ಎಂದು ಗಿರಾಕಿಗಳನ್ನು ಕರೆದಳು. ಅವರು ಮುಖ ಸಿಂಡರಿಸಿಕೊಂಡು ಎದ್ದು ಹೋದರು.

"ನಾಳೆಯಿಂದ ಬರಬೇಡ," ಎಂದರು ಚಿಕ್ಕಪ್ಪ.

ಮರುದಿನ ಅವಳು ಎಲ್ಲರಿಗಿಂತ ಮೊದಲು ಬಂದು ತನ್ನ ಕುರ್ಚಿಯಲ್ಲೇ ಕೂತಳು. ಚಿಕ್ಕಪ್ಪ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಕಂಡೂ ಕಾಣದವರಂತೆ ಒಳಗೆ ನಡೆದರು.