ಕಿಟಕಿ ಪಕ್ಕದ ಅದೃಷ್ಟದ ಕುರ್ಚಿ

ರಾಮ್ಯನ್ ನೂಡಲ್ಸಿನ ಬಟ್ಟಲಿನ ಹಬೆ ಕನ್ನಡಕಕ್ಕೆ ಮೆತ್ತಿಕೊಂಡು ಕ್ಷಣಕಾಲ ಏನೂ ಕಾಣಲಿಲ್ಲ, ಸದ್ದೂ ನಿಂತಿತ್ತು — ಇಷ್ಟು ಹೊತ್ತು ಟಕಟಕ ಅನ್ನುತ್ತಿದ್ದ ಕೀಬೋರ್ಡುಗಳೆಲ್ಲ ಒಟ್ಟಿಗೇ ಸುಮ್ಮನಾದರೆ ಕರೆಂಟು ಹೋಯಿತೇನೋ ಅನ್ನಿಸುತ್ತದೆ, ಆದರೆ ಫ್ರಿಜ್ಜು ಗುಂಯ್‌ಗುಡುತ್ತಲೇ ಇದೆ, ಯಂಗ್‌ರಾನ್ ಏಪ್ರನ್ನಿನ ತುದಿಯಲ್ಲಿ ಕನ್ನಡಕ ಒರೆಸಿಕೊಂಡು ಅಡುಗೆ ಕಟ್ಟೆಯಿಂದ ಇಣುಕಿದಳು, ಸಾಲು ಸಾಲು ಕಂಪ್ಯೂಟರುಗಳ ಮುಂದೆ ಬೆಳಗಿನ ಗಿರಾಕಿಗಳೆಲ್ಲ ಆಟ ಬಿಟ್ಟು ಒಂದೇ ಬಿಳಿ ಪರದೆ ಓದುತ್ತಿದ್ದಾರೆ, ಇದೇನ್ ಮಾಲೀಕರೇ, ನನ್ನ ಬಲ ಹತ್ತಕ್ಕೆ ಇಳಿದಿದೆ, ನಂದೂ ಹತ್ತೇ, ವೇಗನೂ ಹತ್ತು, ಆಯಸ್ಸೂ ಹತ್ತು, ಇಷ್ಟು ವರ್ಷ ಆಡಿದ್ದೆಲ್ಲ ತೊಳ್ಕೊಂಡು ಹೋಯ್ತಲ್ಲಪ್ಪ — ಮೊದಲ ಸಾಲಿನ ಟ್ಯಾಕ್ಸಿಯವನು ನಗುತ್ತಿದ್ದಾನೋ ಅಳುತ್ತಿದ್ದಾನೋ, ಅವಳ ಗಂಡ ತೇಕ್‌ಸು ಮಾತ್ರ ಕೌಂಟರಿನ ಹಿಂದೆ ತಲೆ ಎತ್ತದೆ ಒಣಗಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದಾನೆ, ಅವಳು ಬಟ್ಟಲು ಹಿಡಿದುಕೊಂಡೇ ಹತ್ತಿರದ ಪರದೆಗೆ ಬಗ್ಗಿದಳು, ಆಟದ ಕಂಪನಿಯವರ ಪ್ರಕಟಣೆ, ಇಂದಿನವರೆಗೆ ಮಾರಿದ ಅದೃಷ್ಟದ ಪೆಟ್ಟಿಗೆಗಳಲ್ಲಿ ಚಿನ್ನದ ರೆಕ್ಕೆ ಇರಲಿಲ್ಲ, ವಿಷಾದಿಸುತ್ತೇವೆ, ಪೆಟ್ಟಿಗೆ ಕೊಂಡವರಿಗೂ ಕೊಳ್ಳದವರಿಗೂ ಅನ್ಯಾಯವಾಗದಂತೆ ಎಲ್ಲ ಆಟಗಾರರ ಶಕ್ತಿಯನ್ನು ಆರಂಭದ ಮಟ್ಟಕ್ಕೆ ತಂದಿದ್ದೇವೆ. ಇರಲಿಲ್ಲ. ಅಪರೂಪವಾಗಿತ್ತು ಅಂತ ಇರಬೇಕು, ಅವಳೇ ತಪ್ಪು ಓದಿರಬೇಕು, ಮತ್ತೆ ಓದಿದಳು, ಅಪರೂಪ ಅನ್ನುವ ಮಾತೇ ಅಲ್ಲಿಲ್ಲ, ಇರಲಿಲ್ಲ ಅಂತಲೇ ಇದೆ, ಹಾಗಾದರೆ ಕೌಂಟರಿನ ಮೇಲಿನ ದೊಡ್ಡ ಪರದೆಯಲ್ಲಿ ನಿಂತಿರುವ ತೇಕ್‌ಸುವಿನ ಯೋಧನ ಬೆನ್ನ ಮೇಲಿರುವುದೇನು, ಅವನ ಬಲವೂ ಹತ್ತಕ್ಕೇ ಇಳಿದಿದೆ, ರೆಕ್ಕೆ ಮಾತ್ರ ಹಾಗೇ ಇದೆ, ಮೆಲ್ಲಗೆ ಬಿಚ್ಚುತ್ತದೆ, ಮೆಲ್ಲಗೆ ಮಡಚಿಕೊಳ್ಳುತ್ತದೆ.

ರೆಕ್ಕೆ ಬಂದ ಗಳಿಗೆಯಲ್ಲಿ ಅವಳು ಅಂಗಡಿಯಲ್ಲಿರಲಿಲ್ಲ, ಎದುರುಗಡೆ ಇವರದರಂಥದ್ದೇ ಕಂಪ್ಯೂಟರ್ ಆಟದಂಗಡಿ, ಹೊಸ ಪಿಸಿ ಬಾಂಗ್ ತೆರೆದು, ಒರಗಿ ಮಲಗುವಂಥ ಕುರ್ಚಿ ಹಾಕಿ, ಇವರ ಗಿರಾಕಿಗಳನ್ನೆಲ್ಲ ಎಳೆದುಕೊಂಡಿದ್ದ ಕಾಲ ಅದು, ಅವತ್ತು ಆಟದ ಕಂಪನಿಯಿಂದ ಕೋಟಿನವನೊಬ್ಬ ಪೋಸ್ಟರು ಅಂಟಿಸಲು ಬಂದಿದ್ದ, ಅವಳೇ ಬಾರ್ಲಿ ಚಹಾ ಕೊಟ್ಟಿದ್ದಳು, ಜಾಗ ಚೆನ್ನಾಗಿದೆಯಮ್ಮ, ಜನ ಬರಬೇಕು ಅಷ್ಟೇ ಅಂದಿದ್ದ, ಆಗ ತೇಕ್‌ಸು, ಮೊಟ್ಟೆ ಮುಗಿದಿದೆ, ತಗೊಂಡ್ ಬರ್ತೀಯಾ — ಅವಳು ತಂದಳು, ಬಾಗಿಲಲ್ಲೇ ಅವನ ಕೂಗು, ಬಾರೇ ಬೇಗ, ಸಿಕ್ತು ಕಣೇ, ಪೆಟ್ಟಿಗೇಲಿ ಬಂತು, ಕಿಟಕಿ ಪಕ್ಕದ ಕುರ್ಚೀಲಿ ಕೂತಿದ್ದೆ, ಅವಳು ಕುಣಿದ ಕುಣಿತಕ್ಕೆ ಮೊಟ್ಟೆ ಕೆಳಗೆ ಬಿದ್ದು ಒಡೆದು ಇಬ್ಬರೂ ನಕ್ಕದ್ದೂ ನಕ್ಕದ್ದೇ, ಆಮೇಲೆ ಫ್ರಿಜ್ಜು ತೆಗೆದರೆ ಒಳಗೆ ಎರಡು ಟ್ರೇ ಮೊಟ್ಟೆ, ಗಂಡಸರ ಕಣ್ಣಿಗೆ ಎದುರಿಗಿದ್ದದ್ದೂ ಕಾಣುವುದಿಲ್ಲ ಅಂತ ಅದಕ್ಕೂ ನಕ್ಕಿದ್ದಳು. ಎರಡು ಟ್ರೇ. ಅವನಿಗೆ ಕಂಡಿತ್ತು, ಕಂಡೇ ಕಳಿಸಿದ್ದ. ವಾರದೊಳಗೆ ಆ ಕುರ್ಚಿಗೆ ಸರದಿ ಹತ್ತಿತು, ಪಕ್ಕದ ಊರಿನಿಂದಲೂ ಬಂದು ಅದರಲ್ಲಿ ಕೂತು ಪೆಟ್ಟಿಗೆ ತೆಗೆಯುವವರು, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಬರುವ ನರ್ಸು ಬೋರಾ ಅನ್ನುತ್ತಿದ್ದಳು, ಅಕ್ಕ, ಅಮ್ಮನ್ನ ಜೇಜು ದ್ವೀಪಕ್ಕೆ ಕರ್ಕೊಂಡು ಹೋಗೋದು ಮುಂದಿನ ವರ್ಷ ಆಯ್ತು, ಆ ದುಡ್ಡಲ್ಲಿ ಮೊದಲು ರೆಕ್ಕೆ, ಒಂದು ಸಲ ಹಾರಿ ಆಟದ ಮೇಲಿನ ಕೋಟೆ ನೋಡ್ಬೇಕು, ಯಂಗ್‌ರಾನ್ ತಾನೇ ಕುರ್ಚಿ ಒರೆಸಿ ಎಳೆದುಕೊಡುತ್ತಿದ್ದಳು, ಕೂತ್ಕೋ, ನಮ್ಮವರಿಗೆ ಸಿಕ್ಕಿಲ್ವಾ, ನಿನಗೂ ಸಿಗತ್ತೆ, ಬರಬರುತ್ತಾ ಬೋರಾ, ನನ್ನ ಕೈಯೇ ಸರಿಯಿಲ್ಲ ಅಕ್ಕ, ನೀವೇ ಒತ್ತಿ ನೋಡಿ, ಅವಳು ಒತ್ತುತ್ತಿದ್ದಳು, ಬರುತ್ತಿರಲಿಲ್ಲ, ನನ್ನ ಕೈಯೂ ನಿನ್ನ ಹಾಗೇ ಕಣೇ ಅಂತ ಇಬ್ಬರೂ ಅಂಗೈ ಅಂಗೈ ಪಕ್ಕ ಇಟ್ಟು ನೋಡಿಕೊಂಡಿದ್ದರು, ತೇಕ್‌ಸು ಇಲ್ಲೇ ಇದ್ದ, ಇದೇ ಕೌಂಟರಿನಲ್ಲಿ, ನೋಡುತ್ತಲೇ ಇದ್ದ.

ಬಟ್ಟಲು ಎಲ್ಲಿ ಇಟ್ಟಳೋ, ಬೆರಳು ಸುಟ್ಟದ್ದು ಈಗ ಉರಿಯುತ್ತಿದೆ, ರೀ, ಅವತ್ತು ನೀವು ಪೆಟ್ಟಿಗೆ ತೆಗೆದ್ರಾ — ಮೆತ್ತಗೆ ಮಾತಾಡು — ತೆಗೆದ್ರಾ ಇಲ್ವಾ — ಅಂಗಡಿ ಮುಚ್ಚಿ ಹೋಗ್ತಿತ್ತು ಕಣೇ, ಆ ಕೋಟಿನವನೇ ರೆಕ್ಕೆ ಹಾಕ್ಕೊಟ್ಟ, ಇದು ನೋಡಿ ಜನ ಬರ್ತಾರೆ, ಯಾರಿಗೂ ಕೇಡಿಲ್ಲ ಅಂದ, ಪೆಟ್ಟಿಗೇಲಿ ಒಂದೂ ಇಲ್ಲ ಅಂತ ನನಗೂ ಹೇಳಿರಲಿಲ್ಲ, ಆಣೆ — ಇಷ್ಟು ಮೆತ್ತಗೆ ಹೇಳಿದ್ದೂ ಆ ಸದ್ದಿಲ್ಲದ ಅಂಗಡಿಯಲ್ಲಿ ಕೊನೆಯ ಸಾಲಿನವರೆಗೆ ಕೇಳಿತು, ಟ್ಯಾಕ್ಸಿಯವನು ಎದ್ದು ನಿಂತ, ಅವನ ಹಿಂದೆ ಇನ್ನೊಬ್ಬ, ಕಿಟಕಿ ಪಕ್ಕದ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಬೋರಾ ಹೆಡ್‌ಫೋನು ಕಳಚಿ ಮೇಜಿನ ಮೇಲಿಟ್ಟು ಬರುತ್ತಿದ್ದಾಳೆ, ತೇಕ್‌ಸುವಿನ ಕಡೆ ನೋಡಲೇ ಇಲ್ಲ, ನೇರ ಅವಳೆದುರು ಬಂದು ನಿಂತಳು, ಅಕ್ಕ, ನಿಮಗೂ ಗೊತ್ತಿತ್ತಾ. ಇಲ್ಲ ಅನ್ನಬೇಕು, ಬಾಯಿ ತೆರೆದಿದೆ, ಇಲ್ಲ ಅಂದರೆ ಇವಳು ನಂಬಬೇಕಲ್ಲ, ತಾನಾದರೆ ನಂಬುತ್ತಿದ್ದಳಾ, ಒಂದೇ ಮನೆ, ಒಂದೇ ಅಂಗಡಿ, ಕುರ್ಚಿ ಒರೆಸಿ ಎಳೆದುಕೊಟ್ಟವಳು, ಅಂಗೈ ನೋಡಿಕೊಂಡು ಅಯ್ಯೋ ಅಂದವಳು, ಬೋರಾಳ ಕಣ್ಣು ಬಿಟ್ಟು ಬೇರೆಲ್ಲಾದರೂ ನೋಡೋಣವೆಂದರೆ ನೋಟ ಹೋಗಿ ಅಲ್ಲೇ ನಿಲ್ಲುತ್ತದೆ, ದೊಡ್ಡ ಪರದೆಯಲ್ಲಿ, ಎಲ್ಲರದೂ ಹತ್ತು, ಎಲ್ಲರ ಬೆನ್ನೂ ಬರಿದು, ಒಬ್ಬನ ಬೆನ್ನಲ್ಲಿ ಮಾತ್ರ ಚಿನ್ನದ ರೆಕ್ಕೆ, ಮೆಲ್ಲಗೆ ಬಿಚ್ಚುತ್ತದೆ, ಮೆಲ್ಲಗೆ ಮಡಚಿಕೊಳ್ಳುತ್ತದೆ, ಮೆಲ್ಲಗೆ ಬಿಚ್ಚುತ್ತದೆ