ಒಲ್ಡೊಕಿಟ್ ಕಡೆಯ ಇಳಿಜಾರು

ಅವ್ವನ ಹೊಟ್ಟೆ ಕಲ್ಲಿನಂತಾಗಿ ಎರಡು ದಿನವಾಗಿತ್ತು. ಆಸ್ಪತ್ರೆಯವರು ವೈರ್‌ಲೆಸ್ಸಿನಲ್ಲಿ ಹೇಳಿದ್ದು ಇಷ್ಟೇ: ಗುರುವಾರ ಮಧ್ಯಾಹ್ನ ಹೆಲಿಕಾಪ್ಟರ್ ನಿರುಂದಾ ನದಿಯ ಮರಳದಿಣ್ಣೆಗೆ ಬರುತ್ತದೆ, ಬೆಟ್ಟದ ಮೇಲೆ ಇಳಿಯುವುದಿಲ್ಲ, ನೀವೇ ಕರೆತನ್ನಿ. ಚಿನ್ನ ಹುಡುಕುವವರಿಗೆ ಬ್ರೆಡ್ಡು ತರುವಾಗ ಮಾತ್ರ ಅದಕ್ಕೆ ಬೆಟ್ಟದ ಮೇಲೆ ಇಳಿಯಲು ಬರುತ್ತದೆ. ಇರಲಿ.

ನಾನು, ಅವ್ವನ ತಮ್ಮ ಪ್ರೋಕೋಪಿ ಮಾಮ, ಐದು ಹಿಮಸಾರಂಗ. ಅವ್ವನನ್ನು ಒಂದು ಸಾರಂಗದ ಬೆನ್ನಿನ ತಡಿಗೆ ಕಟ್ಟಿ ಬೇಸಿಗೆ ಬಿಡಾರದಿಂದ ಹೊರಟೆವು.

"ಅಕ್ಕಾ, ಹೆಲಿಕಾಪ್ಟರ್ ಹತ್ತಿ ಮೇಲಿಂದ ನನ್ ಮೇಲೆ ಉಗೀಬೇಡ" ಅಂದ ಮಾಮ.

"ನಿನ್ ಮೇಲೆ ಉಗಿಯೋಕೆ ಅಷ್ಟು ಮೇಲಕ್ಕೆ ಯಾಕೋ ಹೋಗ್ಬೇಕು?"

ಬೆಟ್ಟದ ನೆತ್ತಿಯಲ್ಲಿ ಒಂದು ಜವುಗು. ಅದರ ಒಂದು ಬದಿಯ ನೀರು ನಮ್ಮ ನಿರುಂದಾಕ್ಕೆ, ಇನ್ನೊಂದು ಬದಿಯದು ಒಲ್ಡೊಕಿಟ್ ನದಿಗೆ. ಅಲ್ಲಿಗೆ ಬರುವಷ್ಟರಲ್ಲಿ ಮಂಜು ಮುಚ್ಚಿತು. ಮಂಜಿಗೆ ನಮ್ಮಲ್ಲಿ ಒಂದೇ ಮದ್ದು: ಹಗ್ಗ ಸಡಿಲ ಬಿಟ್ಟು ಮುಂದಿನ ಸಾರಂಗವನ್ನು ಅದರ ಪಾಡಿಗೆ ನಡೆಯಲು ಬಿಡುವುದು. ಅದು ಚಳಿಗಾಲದ ಬಿಡಾರಕ್ಕೇ ಇಳಿಯುತ್ತದೆ. ನಮ್ಮ ಬಿಡಾರವಿದ್ದದ್ದು ಆ ಮರಳದಿಣ್ಣೆಯ ಪಕ್ಕದಲ್ಲೇ.

"ಮಾಮ, ದಿಕ್ಸೂಚಿ ತೆಗೀಲಾ?"

"ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಓಡಿಬಂದೋನೇ, ಸಾರಂಗ ಏನು ಸ್ಕೂಲಿಗೆ ಹೋಗಿತ್ತಾ? ಬಿಡೋ ಹಗ್ಗ!"

ಬಿಟ್ಟೆ. ಮೂರು ತಾಸು ಇಳಿದೆವು. ಮಂಜು ಹರಿದಾಗ ಕೆಳಗೆ ಕಂಡದ್ದು ಭಾವನ ಗುಡಾರ, ಒಲೆಯ ಹೊಗೆ, ಒಲ್ಡೊಕಿಟ್.

ಮುಂದಿದ್ದ ಸಾರಂಗ ಭಾವ ಕೊಟ್ಟದ್ದು, ಹೋದ ವಸಂತದಲ್ಲಿ ಅಕ್ಕನ ಮದುವೆಗೆ. ಇದ್ದದ್ದರಲ್ಲಿ ಗಟ್ಟಿಯೆಂದು ಅದನ್ನೇ ಮುಂದೆ ಕಟ್ಟಿದ್ದೆವು. ಅದು ಹುಟ್ಟಿದ್ದು ಇಲ್ಲಿ. ಮೂವರಿಗೂ ಗೊತ್ತಿತ್ತು. ಒಬ್ಬರಿಗೂ ಹೊಳೆಯಲಿಲ್ಲ.

ಬೆಟ್ಟದ ಏಣಿನ ಆಚೆ ಹೆಲಿಕಾಪ್ಟರಿನ ಸದ್ದು ಬಂತು, ಹೋಯಿತು. ನಾನು ಚಾಕು ತೆಗೆದು ಸಾರಂಗದ ಕತ್ತು ಹಿಡಿದೆ.

"ಅದ್ರ ತಂಟೆಗೆ ಹೋಗ್ಬೇಡ" ಅಂದಳು ಅವ್ವ. "ಮಗಳ ಮನೆಗೆ ಬಂದಿದೀನಿ. ಚಹಾ ಕಾಯಿಸೋಕೆ ಹೇಳು."

ಶನಿವಾರ ಹೋದಳು.

ಸತ್ತವರು ತಮ್ಮ ಕುಲದ ನದಿ ಹಿಡಿದು ಕೆಳಗೆ ಹೋಗಬೇಕು. ಅವ್ವನದು ನಿರುಂದಾ. "ಇಲ್ಲೇ ಇಡೋಣ ಕಣೋ, ಇದೂ ನೀರೇ" ಅಂದ ಮಾಮ, ನನ್ನ ಮುಖ ನೋಡದೆ. ಅವಳನ್ನು ಗಂಟುಮೂಟೆಯ ಹಾಗೆ ಕಟ್ಟಿ, ದಿಕ್ಸೂಚಿ ಹಿಡಿದು, ಮತ್ತೆ ಬೆಟ್ಟ ಹತ್ತಿಸಿದೆ. ಮಾಮ ಹಿಂದೆ ನಡೆದುಬಂದ. ದಿಣ್ಣೆಯ ಮೇಲೆ ಬೆಂಕಿ ಹಾಕಿ, ಬೇಸಿಗೆಯಲ್ಲೂ ಬಿಡದ ನೆಲದ ಹೆಪ್ಪು ಕರಗಿಸಿ ಗುಂಡಿ ತೋಡಿದೆವು. ನನ್ನ ಅಂಗೈ ಸುಟ್ಟದ್ದು ಮಾಮ ತೋರಿಸಿದ ಮೇಲೆ ಗೊತ್ತಾಯಿತು.

ಮುಂದಿನ ಗುರುವಾರ ತನ್ನ ವಾರದ ಸರದಿಗೆ ಹೆಲಿಕಾಪ್ಟರ್ ಇಳಿಯಿತು. ಬಿಳಿ ಕೋಟಿನವಳು ಕಾಗದ ಹಿಡಿದು ಬಂದಳು.

"ರೋಗಿ ಎಲ್ಲಿ?"

ತೋರಿಸಿದೆ.

"ಅಯ್ಯೋ. ಹೋದ ವಾರಾನೇ ಕರ್ಕೊಂಡು ಬರಬಾರದಿತ್ತಾ?"



"ಮಂಜಿತ್ತು" ಅಂದೆ.

ಬರೆದುಕೊಂಡಳು. ಇಲ್ಲಿ ಸಹಿ ಹಾಕು ಅಂದಳು. ಹಾಕಿದೆ.